ಇಂಜಿನ್ ನಿಂತ ಮೇಲೆ ಹಾಕುವ ತಟ್ಟೆ

ನಮ್ಮ ಮನೆಯ ಷೋಕೇಸಿನಲ್ಲಿ ಗೊಂಬೆಗಳಿಲ್ಲ, ಇಂಜಿನ್‌ಗಳಿವೆ. ಕೆಲವು ಅಂಗೈ ಮೇಲೆ ಕೂರುವಷ್ಟು ಸಣ್ಣವು, ಒಂದೆರಡು ಸುಲಿದ ತೆಂಗಿನಕಾಯಿಯಷ್ಟು ದೊಡ್ಡವು. ಎಲ್ಲವೂ ಓಡುತ್ತವೆ. ಮನೆಗೆ ಬಂದವರು ಅದನ್ನೆಲ್ಲ ನೋಡಿ, ಮೆಚ್ಚಿ, ಕಾಫಿ ಕುಡಿದು, ಕೊನೆಗೆ ಕೇಳುವುದು ಒಂದೇ ಮಾತು: "ಇದ್ರಲ್ಲಿ ಎಂತ ಓಡ್ಸೋಕಾಗತ್ತೆ?" ಏನೂ ಆಗುವುದಿಲ್ಲ. ಒಂದು ಮಿಕ್ಸಿಯನ್ನೂ ತಿರುಗಿಸಲಾರವು. ಹಾಗೆಂದರೆ ಅವರ ಮುಖ ಸಪ್ಪಗಾಗುತ್ತದೆ. ಮೊದಮೊದಲು ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ನಿಮ್ಮನೆ ಷೋಕೇಸಿನ ಪಿಂಗಾಣಿ ನಾಯಿ ಕಳ್ಳರನ್ನ ಹಿಡಿಯುತ್ತಾ ಎಂದು ಒಬ್ಬಾಕೆಯ ಮುಖಕ್ಕೇ ಕೇಳಿಬಿಟ್ಟಿದ್ದೆ. ಆಕೆ ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಪೀಡೆ ಹೋಯಿತು ಅಂದುಕೊಂಡೆ.

ಈ ಹುಚ್ಚು ಹಿಡಿದದ್ದು ತೊಂಬತ್ತರ ದಶಕದಲ್ಲಿ. ಮೂಡಿಗೆರೆಯಲ್ಲಿ ನಮ್ಮವರದು ರಿಪೇರಿ ಅಂಗಡಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ನೀರೆತ್ತುವ ಪಂಪು, ಔಷಧಿ ಹೊಡೆಯುವ ಸ್ಪ್ರೇಯರ್, ಎಲ್ಲ ತೋಟಗಳಿಂದ ಜೀಪಿನಲ್ಲಿ ಬಂದು ನಮ್ಮ ಬಾಗಿಲಿಗೆ ಬೀಳುತ್ತಿದ್ದವು. ಕೊಯ್ಲಿನ ಕಾಲದಲ್ಲಿ ನಮ್ಮವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಮಳೆ ಹಿಡಿಯಿತೆಂದರೆ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸ. ಅಂಗಡಿಗೂ ಹಿಂದಿನ ನಮ್ಮ ಮನೆಗೂ ನಡುವೆ ಒಂದು ಶೆಡ್ಡು. ಅದರಲ್ಲೊಂದು ಹಳೆಯ ಲೇತು. ಕಬ್ಬಿಣದ ತುಂಡನ್ನು ಅದರ ಚಕ್ಕಿನ ಹಲ್ಲುಗಳಿಗೆ ಕಚ್ಚಿಸಿ ಗರಗರ ತಿರುಗಿಸಿ, ಟೂಲು ಕೊಟ್ಟರೆ ಸೌತೆಕಾಯಿ ಸಿಪ್ಪೆಯ ಹಾಗೆ ಕಬ್ಬಿಣ ಸುಲಿದು ಬರುತ್ತದೆ. ಮಳೆಗಾಲ ಪೂರ್ತಿ ಅದು ಸುಮ್ಮನೆ ನಿಂತಿರುತ್ತಿತ್ತು. ನಾನೂ ಹಾಗೇ ಇದ್ದೆ.

ಮುರಿದ ಹಿತ್ತಾಳೆ ನಲ್ಲಿಯೊಂದನ್ನು ಹಿಡಿದು ಏನೋ ಕೊರೆಯಲು ಹೊರಟೆ. ನಮ್ಮವರು ಬಂದು ನೋಡಿ, "ಬೆರಳು ಹೋದ್ರೆ ರೊಟ್ಟಿ ತಟ್ಟೋಕೆ ಕಷ್ಟ, ಹಿಂಗೆ ಹಿಡ್ಕೋ" ಎಂದು ತೋರಿಸಿಕೊಟ್ಟರು. ಹಾಗೆ ಕಲಿತೆ. ಮೊದಲನೆಯ ಇಂಜಿನ್ ಸೈಕಲ್ ಪಂಪಿನ ಗಾಳಿಯಲ್ಲಿ ಓಡುವಂಥದು. ಪಂಪು ಒತ್ತಿದ ಕೂಡಲೇ ಅದರ ಪುಟಾಣಿ ಚಕ್ರ ತನ್ನಷ್ಟಕ್ಕೆ ತಿರುಗತೊಡಗಿದಾಗ ನಾನು ಶೆಡ್ಡು ಹಾರಿಹೋಗುವ ಹಾಗೆ ನಕ್ಕೆ. ಪಕ್ಕದ ಮನೆಯವರು ಇಣುಕಿದರು. ನಮ್ಮವರು, "ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ" ಅಂದರು. ಆದರೆ ಮಾರನೇ ದಿನ ಅಂಗಡಿಗೆ ಬಂದವರಿಗೆಲ್ಲ ಅದನ್ನು ತೋರಿಸಿದವರೂ ಅವರೇ.

ಇದಾಗಿ ಕೆಲವು ವರ್ಷಕ್ಕೆ ನನ್ನ ಅಪ್ಪ ತೀರಿಕೊಂಡ. ಜಾವಳಿ ಕಡೆ ನಮ್ಮದೊಂದು ಸಣ್ಣ ತೋಟ ಇತ್ತು. ಕೊಯ್ಲಿನ ಕೊನೆಗೆ ಒಂದು ಸಂಜೆ, ಪಲ್ಪರ್ ಮನೆಯಲ್ಲಿ ಎದೆ ಹಿಡಿದುಕೊಂಡು ಬಿದ್ದು ಹೋದ ಎಂದು ನಮಗೆ ಸುದ್ದಿ ಬಂತು. ನನಗೆ ಗೊತ್ತಿದ್ದದ್ದು ಅಷ್ಟೇ. ಅಳುವುದು, ತಿಥಿ, ನೆಂಟರು ಎಲ್ಲ ಮುಗಿಯಿತು. ತೋಟವನ್ನು ಚಿಕ್ಕಪ್ಪನ ಮನೆಯವರು ನೋಡಿಕೊಂಡರು. ಅವರು ಕರೆಂಟಿನ ಮೋಟಾರು ಹಾಕಿಸಿ ಅಪ್ಪನ ಹಳೆಯ ಡೀಸೆಲ್ ಇಂಜಿನ್ನನ್ನು ಗುಜರಿಗೆ ಕೊಟ್ಟರು. ನಾನು ಒಬ್ಬಳೇ ಮಗಳು. ಅವ್ವನನ್ನು ಕರೆತರೋಣ ಎಂದು ನಾನು ಬಾಯಿ ಬಿಡುವ ಮೊದಲೇ ನಮ್ಮವರು ಜೀಪು ಮಾಡಿಕೊಂಡು ಹೋಗಿ ಕರೆದುಕೊಂಡು ಬಂದರು.

ಹೆಣ್ಣು ಕೊಟ್ಟ ಮನೆಯಲ್ಲಿ ನೀರೂ ಕುಡಿಯಬಾರದು ಅನ್ನುವ ಕಾಲದವಳು ಅವ್ವ. ಬಂದವಳು ನಮ್ಮ ಮನೆಯಲ್ಲಿ ಗೋಡೆಗೆ ಅಂಟಿಕೊಂಡೇ ಓಡಾಡಿದಳು. ಅಳಿಯನ ಎದುರು ಕುರ್ಚಿಯಲ್ಲಿ ಕೂರಲಿಲ್ಲ. ಎಲ್ಲರ ಊಟ ಆದ ಮೇಲೆ, ಆರಿದ ಅನ್ನಕ್ಕೆ ತಳದ ಸಾರು ಹಾಕಿಕೊಂಡು ಒಲೆಯ ಪಕ್ಕ ಕೂತು ಉಣ್ಣುತ್ತಿದ್ದಳು. ಬಿಸಿಯಾಗಿ ಉಣ್ಣು ಅಂದರೆ, "ಹಸಿವಿಲ್ಲ ಮಗಾ, ಆಮೇಲೆ" ಅನ್ನುವಳು. ಅಪ್ಪನ ಸುದ್ದಿ ಎತ್ತಿದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು.

ಆಗ ದಿನಾ ಸಂಜೆ ಕರೆಂಟು ತೆಗೆಯುವುದಿತ್ತು. ನಮ್ಮೆದುರಿನ ಜವಳಿ ಅಂಗಡಿಯವರು ಜನರೇಟರ್ ಹಾಕಿಸಿದ್ದರು. ಕರೆಂಟು ಹೋದ ಕೂಡಲೇ ಅದು ಬಡಬಡ ಎಂದು ಶುರುವಾಗುತ್ತಿತ್ತು, ಕರೆಂಟು ಬಂದಾಗ ನಿಲ್ಲುತ್ತಿತ್ತು. ಒಂದು ಸಂಜೆ ನಾವು ಮೂವರೂ ಅಡುಗೆಮನೆಯಲ್ಲಿ ಇದ್ದೆವು. ಜನರೇಟರ್ ನಿಂತಿತು. ಅವ್ವ ಎದ್ದು, ಒಂದು ತಟ್ಟೆ ತೊಳೆದು, ನೆಲಕ್ಕೆ ಹಾಕಿ, ಲೋಟಕ್ಕೆ ನೀರು ಬಗ್ಗಿಸಿ, ಅನ್ನ ಬಡಿಸಿದಳು. ಅಳಿಯನಿಗೆ ಹಸಿವಾಗಿದೆ ಅಂದುಕೊಂಡಳೇನೋ ಎಂದು ನಾನು ತಿಳಿದೆ. ನಮ್ಮವರು ಆಗಷ್ಟೇ ತಿಂಡಿ ತಿಂದಿದ್ದರು. ಆದರೂ ಕೂತು ಉಂಡರು.

ಮಾರನೇ ದಿನವೂ ಹಾಗೇ ಆಯಿತು. ಆಮೇಲೆ ಒಂದು ದಿನ ನಮ್ಮವರು ಅಂಗಡಿಯಲ್ಲೇ ಇದ್ದಾಗ, ಮನೆಯಲ್ಲಿ ಗಂಡಸರು ಯಾರೂ ಇಲ್ಲದಾಗ, ಜನರೇಟರ್ ನಿಂತಿತು, ಅವ್ವ ತಟ್ಟೆ ಹಾಕಿದಳು. ಅನ್ನ ಬಡಿಸಿ, ಬಾಗಿಲ ಕಡೆ ಮುಖ ಮಾಡಿ ಕೂತಳು. ಅನ್ನದಿಂದ ಹಬೆ ಏಳುತ್ತಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಓಡಿಹೋಗಿ ನಮ್ಮವರನ್ನು ಕರೆದೆ. ಅವರು ಕೈಯ ಗ್ರೀಸು ಒರೆಸಿಕೊಂಡು ಬಂದು, ಏನೂ ಕೇಳದೆ ಕೂತು ಆ ಅನ್ನ ಉಂಡರು. "ಸಾರು ಲಾಯ್ಕಾಗಿದೆ ಅತ್ತೆ" ಅಂದರು. ಅಂಥ ಮನುಷ್ಯ. ಅಂದಿನಿಂದ ಜನರೇಟರ್ ನಿಂತ ಕೂಡಲೇ ಅಂಗಡಿ ಬಿಟ್ಟು ಒಳಗೆ ಬರುವುದನ್ನು ಅವರು ರೂಢಿ ಮಾಡಿಕೊಂಡರು. ಅವರ ಹೊಟ್ಟೆ ಬಂದದ್ದು ಆಗಲೇ.

ಯಾಕವ್ವ ಹೀಗೆ ಮಾಡ್ತೀಯ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಎಲ್ಲರ ಜೊತೆ ಪಟಪಟ ಮಾತಾಡುವ ನಾನು ಅವ್ವನ ಎದುರು ಮೂಕಿಯಾದೆ. ಕೇಳಿದರೆ ಏನು ಹೊರಬರುತ್ತದೋ ಎಂಬ ಹೆದರಿಕೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಮಳೆಗಾಲದಲ್ಲಿ ನನಗೆ ಅಪ್ಪನ ಇಂಜಿನ್ ಮಾಡಬೇಕು ಅನ್ನಿಸಿತು. ಅವ್ವನಿಗಾಗಿ ಅಲ್ಲ, ನನಗೇ. ನಾನು ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಹಸಿರು ಬಣ್ಣದ, ಒಂದೇ ಸಿಲಿಂಡರಿನ, ಎರಡೂ ಕಡೆ ದೊಡ್ಡ ಕಬ್ಬಿಣದ ಚಕ್ರವಿದ್ದ ಇಂಜಿನ್. ಪಕ್ಕದಲ್ಲಿ ನೀರಿನ ಡ್ರಮ್ಮು. ಮನೆ ಗುಡ್ಡದ ಮೇಲೆ, ಪಲ್ಪರ್ ಮನೆ ಕೆಳಗೆ ಹಳ್ಳದ ಪಕ್ಕ. ಕೊಯ್ಲಿನ ಕಾಲದಲ್ಲಿ ದಿನಾ ಸಂಜೆ ಹಣ್ಣು ಅಳೆದ ಮೇಲೆ ಅಪ್ಪ ಅದನ್ನು ಶುರು ಮಾಡುತ್ತಿದ್ದ. ಡಬ್, ಡಬ್, ಡಬ್ ಎಂದು ನಿಧಾನಕ್ಕೆ ಹೊಡೆಯುವ ಅದರ ಸದ್ದು ಗುಡ್ಡ ಹತ್ತಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಈಗ ಅದರಲ್ಲಿ ಉಳಿದದ್ದು ಸವೆದ ಹಿತ್ತಾಳೆ ಬುಷ್ ಒಂದು ಮಾತ್ರ. ಚಕ್ರದ ಅಚ್ಚು ತಿರುಗುವ ಬಳೆಯಂಥ ಭಾಗ ಅದು. ಅಪ್ಪ ಯಾವಾಗಲೋ ಬದಲಾಯಿಸಿ ಮನೆಯ ಕಿಟಕಿಯಲ್ಲಿ ಎಸೆದದ್ದನ್ನು ನಾನು ಎತ್ತಿಟ್ಟುಕೊಂಡಿದ್ದೆ. ಅದೇ ಹಿತ್ತಾಳೆಯಲ್ಲಿ ಪುಟ್ಟ ಬುಷ್‌ಗಳನ್ನು ಕೊರೆದೆ.

ಚಕ್ರಕ್ಕೆ ಬೀಡುಕಬ್ಬಿಣ ಬೇಕಿತ್ತು. ದಿನಸಿ ಅಂಗಡಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಿತ್ತು. ಹಳೆಯ ತೂಕದ ಬಟ್ಟುಗಳು ಮೂಲೆ ಸೇರಿದ್ದವು. ಆರು ಮೂಲೆಯ ಆ ಕಪ್ಪು ಬಟ್ಟುಗಳಲ್ಲಿ ಎರಡನ್ನು ಕೇಳಿದೆ. "ಎಂತ ಅಕ್ಕಾ, ಯಾರ ತಲೆ ಒಡೀಲಿಕ್ಕೆ?" ಎಂದು ನಗುತ್ತಾ ಕೊಟ್ಟರು.

ಆರು ಮೂಲೆಯದನ್ನು ಲೇತಿಗೆ ಕಚ್ಚಿಸಿ ದುಂಡಗೆ ಮಾಡುವುದು ಕಿವಿಗೆ ಹಿಂಸೆ. ಪ್ರತಿ ಮೂಲೆಯೂ ಬಂದು ಟೂಲಿಗೆ ಕುಟ್ಟುತ್ತದೆ. ಅದಕ್ಕೇ ಬಹಳ ನಿಧಾನಕ್ಕೆ ತಿರುಗಿಸಬೇಕು. ಬೆಳಿಗ್ಗೆ ಶುರು ಮಾಡಿದಾಗ ಟಕಟಕ ಎಂದು ಕುಟ್ಟಿತು. ಸವೆಯುತ್ತಾ ಸವೆಯುತ್ತಾ ಮೂಲೆಗಳು ಒಂದೊಂದಾಗಿ ಹೋದವು. ನಾನು ಬಟ್ಟನ್ನು ಸ್ವಲ್ಪ ಓರೆಯಾಗಿ ಕಚ್ಚಿಸಿದ್ದೆನೇನೋ, ಕೊನೆಗೆ ಒಂದು ಮೂಲೆ ಮಾತ್ರ ಉಳಿಯಿತು. ಸುತ್ತಿಗೊಮ್ಮೆ ಅದು ಬಂದು ಹೊಡೆಯುವುದು: ಡಬ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಡಬ್. ಶೆಡ್ಡಿನ ತಗಡು ಅದಕ್ಕೆ ಗುಂಯ್ ಅನ್ನುವುದು. ನನ್ನ ಕೈ ಹಿಡಿಕೆಯ ಮೇಲೆ ಹಾಗೇ ನಿಂತಿತು. ಈ ಸದ್ದು ನನಗೆ ಗೊತ್ತು. ಗುಡ್ಡದ ಕೆಳಗಿನಿಂದ ಬರುತ್ತಿದ್ದ ಸದ್ದು.

ತಿರುಗಿ ನೋಡಿದರೆ ಬಾಗಿಲಲ್ಲಿ ಅವ್ವ. ನಮ್ಮ ಮನೆಗೆ ಬಂದಾಗಿನಿಂದ ಒಂದು ದಿನವೂ ಶೆಡ್ಡಿನ ಕಡೆ ಮುಖ ಹಾಕದವಳು ಹೊಸ್ತಿಲಿನ ಮೇಲೆ ಕೂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕಣ್ಣು ನನ್ನ ಮೇಲಿರಲಿಲ್ಲ, ಲೇತಿನ ಮೇಲೂ ಇರಲಿಲ್ಲ. ನಾನು ಮತ್ತೆ ಹಿಡಿಕೆ ತಿರುಗಿಸಿದೆ. ಮೂಲೆ ಸವೆಯುತ್ತಾ ಹೋಯಿತು. ಹೊಡೆತ ಮೆತ್ತಗಾಯಿತು. ಆಮೇಲೆ ಬಟ್ಟು ಪೂರ್ತಿ ದುಂಡಗಾಗಿ, ಸದ್ದೇ ಇಲ್ಲದೆ ತಿರುಗತೊಡಗಿತು.

ಅವ್ವ ಎದ್ದಳು. "ನಿಂತ್ತು. ತಟ್ಟೆ ಹಾಕ್ತೀನಿ" ಅಂದಳು.

ಆಗ ಇನ್ನೂ ಮಧ್ಯಾಹ್ನ ಆಗಿರಲಿಲ್ಲ. ನಾನು ಲೇತು ಆಫ್ ಮಾಡಿ ಅವಳ ಹಿಂದೆಯೇ ಹೋದೆ. ತಟ್ಟೆ ತೊಳೆಯುತ್ತಿದ್ದಳು. ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದ ಮಾತು ಬಂದೇಬಿಟ್ಟಿತು: "ಯಾರಿಗವ್ವಾ ತಟ್ಟೆ?"

ಅವ್ವ ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಒಲೆಕಟ್ಟೆಗೆ ಒರಗಿದಳು. ಆಮೇಲೆ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ, ಹೇಳಿದಳು.

ನಮ್ಮ ತೋಟದ ಮನೆಯ ರೂಢಿ ನನಗೆ ಗೊತ್ತಿದ್ದದ್ದೇ, ಜನರೇಟರಿಗೆ ಅದನ್ನು ತಾಳೆ ಹಾಕಿ ನೋಡಲು ನಾನೇ ಹೆದರಿದ್ದೆ. ಅಪ್ಪನಿಗೆ ಅನ್ನ ಹಬೆಯಾಡುತ್ತಿರಬೇಕು. ಕರೆದು ಹೇಳುವುದಕ್ಕೆ ಪಲ್ಪರ್ ಮನೆ ದೂರ. ಹಾಗಾಗಿ ಇಂಜಿನ್ನೇ ಗಂಟೆ. ಅದು ನಿಂತಿತೆಂದರೆ ಅವ್ವ ತಟ್ಟೆ ಹಾಕುವುದು. ಅಪ್ಪ ಕೈಕಾಲು ತೊಳೆದು ಗುಡ್ಡ ಹತ್ತುವಷ್ಟರಲ್ಲಿ ಅನ್ನ ಬಡಿಸಿ ಆಗಿರುತ್ತಿತ್ತು. ಅಷ್ಟು ವರ್ಷದಲ್ಲಿ ಒಮ್ಮೆಯೂ ಲೆಕ್ಕ ತಪ್ಪಿರಲಿಲ್ಲ. ಇಂಜಿನ್ ಓಡುತ್ತಿದೆ ಅಂದರೆ ಅವನು ಅಲ್ಲಿದ್ದಾನೆ, ಚೆನ್ನಾಗಿದ್ದಾನೆ ಅಂತ.

"ಅವತ್ತು ಹಣ್ಣು ಸ್ವಲ್ಪನೇ ಇದ್ದದ್ದು. ಆಳುಗಳನ್ನೆಲ್ಲ ಮನೆಗೆ ಕಳ್ಸಿ, ನಾನೊಬ್ನೇ ಮುಗಿಸ್ತೀನಿ ಅಂತ ಹೋದ್ರು ನಿಮ್ಮಪ್ಪ," ಎಂದಳು ಅವ್ವ. "ಇಂಜಿನ್ ಶುರುವಾಯ್ತು. ಭಾರಕ್ಕೆ ಹೊಡೀತಿತ್ತು. ಆಮೇಲೆ ಹಗುರಾಯ್ತು. ಹಣ್ಣು ಹಾಕೋದು ನಿಂತ್ರೆ ಹಗುರಾಗತ್ತಲ್ಲ, ಹಂಗೆ. ಸರಿ, ಹಣ್ಣು ಮುಗೀತು, ಈಗ ನಿಲ್ಲಿಸ್ತಾರೆ ಅಂದ್ಕೊಂಡೆ. ನಿಲ್ಸಲಿಲ್ಲ."

"ಹೋಗಿ ನೋಡ್ಲಿಲ್ವಾ?"

"ಎಂತಕ್ಕೆ ನೋಡ್ಲಿ? ಓಡ್ತಾನೇ ಇತ್ತಲ್ಲ! ನಂಗೆ ಸಿಟ್ಟು ಬಂತು ಕಣೇ. ಹಣ್ಣು ಮುಗಿದ್ಮೇಲೂ ಓಡಿಸ್ತಾ ಕೂತಿದ್ದಾರೆ, ಡೀಸೆಲ್ ದಂಡ, ಈ ಮನುಷ್ಯಂಗೆ ಮನೆಮಠ ಇಲ್ವಾ ಅಂತ ಅಲ್ಲೇ ಒಲೆ ಮುಂದೆ ಬೈಕೊಂಡೆ. ಬಾಯಿಗೆ ಬಂದಂಗೆ ಬೈದೆ. ಅನ್ನ ಬಸಿದೆ, ಸಾರು ಇಳ್ಸಿದೆ, ಮತ್ತೆ ಬಿಸಿ ಮಾಡ್ದೆ. ಓಡ್ತಾನೇ ಇತ್ತು."

ಅವ್ವ ತಟ್ಟೆಯನ್ನು ಸೆರಗಿನಿಂದ ಒರೆಸತೊಡಗಿದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

"ಆಮೇಲೆ ಕೆಮ್ಮಿತು. ಕೆಮ್ಮಿ ಕೆಮ್ಮಿ ನಿಂತ್ತು. ಅವರು ನಿಲ್ಸಿದ್ರೆ ಹಂಗೆ ನಿಲ್ಲಲ್ಲ. ಸುಯ್ ಅಂತ ಉಸಿರು ಬಿಟ್ಟು ನಿಲ್ಲತ್ತೆ. ಇದು ಡೀಸೆಲ್ ಮುಗ್ದು ನಿಂತದ್ದು. ನಂಗೆ ಗೊತ್ತಾಯ್ತು. ಗೊತ್ತಾದ್ರೂ ತಟ್ಟೆ ಹಾಕ್ದೆ. ಅನ್ನ ಬಡಿಸ್ದೆ. ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಬಾಗ್ಲು ನೋಡ್ತಾ ಕೂತೆ. ಅನ್ನ ಆರಿದ್ಮೇಲೆ ಬ್ಯಾಟ್ರಿ ಹಿಡ್ಕೊಂಡು ಇಳ್ದೆ."

ತಟ್ಟೆಯನ್ನು ಮಗುಚಿ ಹಿಂಬದಿ ಒರೆಸಿದಳು.

"ಬ್ಯಾಟ್ರಿ ಮಂಕಾಗಿತ್ತು. ಕತ್ತಲಲ್ಲಿ ಮೊದ್ಲು ಕೈಗೆ ಇಂಜಿನ್ ಸಿಕ್ತು. ಬಿಸಿ ಇತ್ತು. ಆಮೇಲೆ ಅವರನ್ನ ಮುಟ್ದೆ."

ಅಷ್ಟಕ್ಕೆ ನಿಲ್ಲಿಸಿದಳು. ತಟ್ಟೆಯನ್ನು ಹಲಗೆಯ ಮೇಲೆ ಇಟ್ಟು ಹಿತ್ತಿಲಿಗೆ ಹೋದಳು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅಪ್ಪ ಸತ್ತಾಗ ಕೂಡ ಹಾಗೆ ಅತ್ತಿರಲಿಲ್ಲ. ಅವನು ಬಿದ್ದದ್ದು ಭಾರದ ಸದ್ದು ಹಗುರಾದ ಆ ಗಳಿಗೆಯಲ್ಲೇ ಇರಬೇಕು. ಆಮೇಲಿನ ಅಷ್ಟು ಹೊತ್ತೂ ಆ ದರಿದ್ರ ಇಂಜಿನ್, ಅವನು ಚೆನ್ನಾಗಿದ್ದಾನೆ, ಚೆನ್ನಾಗಿದ್ದಾನೆ ಎಂದು ಅವ್ವನಿಗೆ ಸುಳ್ಳು ಹೇಳುತ್ತಲೇ ಇತ್ತು.

ಬುದ್ಧಿ ಇದ್ದವರಾಗಿದ್ದರೆ ಅವತ್ತೇ ಆ ಕೆಲಸ ಬಿಡುತ್ತಿದ್ದರು. ನಮ್ಮವರು ಅದನ್ನೇ ಹೇಳಿದರು. "ಬ್ಯಾಡ ಮಾರಾಯ್ತಿ, ಗಾಯದ ಮೇಲೆ ಬರೆ ಎಳೀಬೇಡ. ಬೇರೆ ಎಂತಾದ್ರೂ ಮಾಡು, ರೈಲು ಮಾಡು, ಹಡಗು ಮಾಡು" ಅಂದರು. ನಾನು ಜಗಮೊಂಡಿ. ನನ್ನ ತಲೆಗೆ ಬೇರೊಂದು ಹೊಕ್ಕಿತ್ತು. ಅಪ್ಪನ ಇಂಜಿನ್ನನ್ನು ಅವತ್ತು ಯಾರೂ ನಿಲ್ಲಿಸಲಿಲ್ಲ. ಅದು ತಾನಾಗಿ ನಿಂತದ್ದು. ಅದಕ್ಕೇ ಅವ್ವನ ಕಿವಿಯಲ್ಲಿ ಅದು ಇನ್ನೂ ಓಡುತ್ತಿದೆ, ಇನ್ನೂ ನಿಲ್ಲುತ್ತಿದೆ, ಇನ್ನೂ ತಟ್ಟೆ ಬೀಳುತ್ತಿದೆ. ಅವ್ವನ ಕೈಯಿಂದಲೇ ಒಂದು ಸಲ ಅದನ್ನು ನಿಲ್ಲಿಸಿಬಿಟ್ಟರೆ ಮುಗಿಯುತ್ತದೆ. ಇದು ನನ್ನ ಲೆಕ್ಕ.

"ಅತ್ತೆ ತಲೆಗೆ ಇನ್ನೂ ಹತ್ತಿಬಿಟ್ರೆ?" ಎಂದು ನಮ್ಮವರು ಕೇಳಿದರು. ಆ ಹೆದರಿಕೆ ಇಟ್ಟುಕೊಂಡೇ ಕೊರೆದೆ.

ಹೊರಗಿನಿಂದ ಅದು ಅಪ್ಪನ ಇಂಜಿನ್ನೇ: ಹಸಿರು ಬಣ್ಣ, ಎರಡು ಚಕ್ರ, ಪಕ್ಕದಲ್ಲಿ ನೀರಿಗೆ ಒಂದು ತಗಡಿನ ಡಬ್ಬಿ. ಒಳಗೆ ಮಾತ್ರ ಪೆಟ್ರೋಲು. ಅಷ್ಟು ಸಣ್ಣದರಲ್ಲಿ ಡೀಸೆಲ್ ಉರಿಸುವುದು ನನ್ನಂಥವಳ ಕೈಲಾಗದ ಮಾತು. ಹಾಳಾದ ಲೂನಾ ಮೊಪೆಡ್ ಒಂದರ ಕಾಯಿಲನ್ನು ಕಿಡಿ ಕೊಡಲು ಹಾಕಿದೆ. ಪಿಸ್ಟನ್ನಿನ ಸುತ್ತ ಕೂರುವ ರಿಂಗನ್ನು ಅದೇ ತೂಕದ ಬಟ್ಟಿನಿಂದ ಕೊರೆದೆ. ಕೂರಿಸುವಾಗ ಪಟ್ ಎಂದು ಮುರಿಯಿತು. ಇನ್ನೊಂದು ಮಾಡಿದೆ, ಅದೂ ಪಟ್. ನನ್ನ ಬಾಯಿಂದ ಬಂದ ಬೈಗುಳ ಕೇಳಿ ನಮ್ಮವರು ಅಂಗಡಿಯಿಂದಲೇ, "ಗಿರಾಕಿ ಇದ್ದಾರೆ ಕಣೇ!" ಎಂದು ಕೂಗಿದರು.

ನಿಲ್ಲಿಸಲು ಸಿಲಿಂಡರಿನ ತಲೆಯ ಮೇಲೊಂದು ಸಣ್ಣ ಲಿವರು ಇಟ್ಟೆ. ಅದನ್ನು ಎತ್ತಿದರೆ ಒಳಗಿನ ಒತ್ತಡ ಬಿಟ್ಟುಹೋಗಿ, ಸುಯ್ ಎಂದು ಇಂಜಿನ್ ನಿಲ್ಲಬೇಕು. ಅಪ್ಪನದರಲ್ಲೂ ಹಾಗೇ ಇತ್ತು. ಉಳಿದದ್ದೆಲ್ಲ ಅಳತೆಗೆ ತಕ್ಕಂತೆ ಚಿಕ್ಕದು ಮಾಡಿದ್ದೆ. ಆ ಲಿವರನ್ನು ಮಾತ್ರ ದೊಡ್ಡದು ಮಾಡಿದೆ. ಅವ್ವನ ಬೆರಳಿಗೆ ಸಿಗಬೇಕಲ್ಲ.

ತಿಂಗಳುಗಟ್ಟಲೆ ಅದು ಕಿಡಿ ಹಿಡಿಯಲಿಲ್ಲ. ಆ ತಿಂಗಳುಗಳಲ್ಲಿ ನನಗೇ ಏನೋ ಆಗತೊಡಗಿತು. ಕಡೆಯುವ ಕಲ್ಲಿನಲ್ಲಿ, ಬಾವಿಯ ಪಂಪಿನಲ್ಲಿ, ದಿಂಬಿಗೆ ಕಿವಿ ಇಟ್ಟರೆ ನನ್ನದೇ ಎದೆಯಲ್ಲಿ, ಆ ಡಬ್ ಡಬ್ ಕೇಳುತ್ತಿತ್ತು. ಭಾರಕ್ಕೆ ಹೊಡೆಯುತ್ತಿದೆಯೋ ಹಗುರಾಗಿದೆಯೋ ಎಂದು ಕಿವಿಗೊಟ್ಟು ಕೂರುತ್ತಿದ್ದೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಹೊರನಾಡಿಗೆ ಹೋಗುವ ಬಸ್ಸನ್ನು ಡ್ರೈವರು ಆಫ್ ಮಾಡಿದ ಕೂಡಲೇ, ಏನೋ ಮರೆತವಳ ಹಾಗೆ ನಾನು ಕೂತಲ್ಲಿಂದ ಎದ್ದುಬಿಟ್ಟೆ. ಎದ್ದು ಎಲ್ಲಿಗೆ ಹೊರಟೆ ಎಂದು ನನಗೇ ತಿಳಿಯಲಿಲ್ಲ. "ನಿಂಗೂ ಹಿಡೀತು ಮಾರಾಯ್ತಿ" ಅಂದರು ನಮ್ಮವರು. ಆ ಸಲ ಅವರು ನಗಲಿಲ್ಲ.

ಕೊನೆಗೊಂದು ದಿನ ಅದು ಹಿಡಿಯಿತು. ಅಂಗಡಿಗೆ ರಜೆ ಇದ್ದ ದಿನ. ಬಿಸಿಲು ಬಿದ್ದಿತ್ತು. ಹಿತ್ತಿಲ ಕಟ್ಟೆಯ ಮೇಲೆ ಇಂಜಿನ್ ಇಟ್ಟು, ಪೆಟ್ರೋಲು ಹುಯ್ದು, ಚಕ್ರ ತಿರುವಿದೆ. ಫಟ್ ಎಂದಿತು, ಸುಮ್ಮನಾಯಿತು. ಮತ್ತೆ ತಿರುವಿದೆ. ಫಟ್, ಫಟ್, ಆಮೇಲೆ ಬಿಡದೆ ಓಡತೊಡಗಿತು. ತೂಕದ ಬಟ್ಟಿನ ಭಾರಕ್ಕೆ ಚಕ್ರಗಳು ನಿಧಾನಕ್ಕೆ, ಗಂಭೀರವಾಗಿ ತಿರುಗಿದವು. ಸದ್ದು ಅಪ್ಪನ ಇಂಜಿನ್ನಿನಷ್ಟು ದಪ್ಪವಿಲ್ಲ, ಆದರೆ ನಡಿಗೆ ಅದೇ. ದೂರದ ಗುಡ್ಡದಾಚೆ ಓಡುತ್ತಿದೆಯೇನೋ ಅನ್ನುವ ಹಾಗೆ. ನಮ್ಮವರು ನನ್ನನ್ನೇ ನೋಡುತ್ತಿದ್ದರು.

"ಅವ್ವಾ" ಎಂದು ಕರೆದೆ.

ಕರೆಯುವ ಮೊದಲೇ ಬಂದಿದ್ದಳು. ಹಿಂಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮೆಲ್ಲಗೆ ಬಂದು ಕಟ್ಟೆಯ ಮೇಲೆ, ಇಂಜಿನ್ನಿನ ಪಕ್ಕ ಕೂತಳು. ಹಸಿರು ಬಣ್ಣ ನೋಡಿದಳು. ನಾನು ಅವಳ ಕೈ ಹಿಡಿದು ನಿಲ್ಲಿಸುವ ಲಿವರಿನ ಮೇಲೆ ಇಟ್ಟೆ.

"ಇದನ್ನ ಎತ್ತಿದ್ರೆ ನಿಲ್ಲತ್ತೆ ಅವ್ವ. ನೀನೇ ನಿಲ್ಲಿಸು."

ಅವ್ವನ ಬೆರಳು ಅದರ ಮೇಲೇ ಇತ್ತು. ಎತ್ತಲಿಲ್ಲ. ನಾನು ಕಾದೆ. ಆಮೇಲೆ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಬ್ಯಾಡ, ಓಡ್ಲಿ" ಅಂದಳು. "ಓಡೋವಾಗ ಹೋಗ್ಬೇಕಿತ್ತು ಕಣೇ. ನಿಂತ್ಮೇಲೆ ಹೋಗಿ ಎಂತ ಬಂತು?"

ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಅವಳಿಗೆ ಅದನ್ನು ನಿಲ್ಲಿಸುವುದು ಬೇಕಿರಲಿಲ್ಲ. ಓಡುತ್ತಿದ್ದಾಗ ಅದರ ಪಕ್ಕ ಇರುವುದು ಬೇಕಿತ್ತು. ಗುಡ್ಡ ಇಳಿದು ಬರುವುದಕ್ಕೆ ಅವಳಿಗೆ ಇಷ್ಟು ವರ್ಷ ಹಿಡಿಯಿತು. ನಮ್ಮವರು ಒಳಗೆ ಹೋಗಿ ಚಾಪೆ ತಂದು ಹಾಸಿದರು. ಅವ್ವ ಚಾಪೆಯ ಮೇಲೆ ಕೂರಲಿಲ್ಲ, ಕಟ್ಟೆ ಬಿಡಲಿಲ್ಲ. ಬಿಸಿಲು ಸರಿಯಿತು. ಇಂಜಿನ್ ಓಡಿತು. ಅವ್ವ ಬಾಯೊಳಗೇ ಏನೋ ಹೇಳುತ್ತಿದ್ದಳು. ಬೈಯುತ್ತಿದ್ದಳೋ, ಕರೆಯುತ್ತಿದ್ದಳೋ, ನಾನು ಹತ್ತಿರ ಹೋಗಿ ಕೇಳಲಿಲ್ಲ. ಅದು ನನ್ನ ಜೊತೆ ಆಡುವ ಮಾತಾಗಿರಲಿಲ್ಲ.

ಪೆಟ್ರೋಲು ಮುಗಿಯುತ್ತಾ ಬಂತು. ಇಂಜಿನ್ ಒಮ್ಮೆ ಕೆಮ್ಮಿತು. ಡಬ್ಬಿ ಹಿಡಿದು ಓಡಿದೆ, ಇನ್ನಷ್ಟು ಹುಯ್ಯಲು. ಅವ್ವ ಕೈ ಅಡ್ಡ ಹಿಡಿದಳು. ಮತ್ತೆ ಕೆಮ್ಮಿತು, ತಡವರಿಸಿತು, ಚಕ್ರ ಎರಡು ಸುತ್ತು ಖಾಲಿ ತಿರುಗಿ ನಿಂತಿತು.

ಈಗ ಏಳುತ್ತಾಳೆ, ತಟ್ಟೆ ಹಾಕುತ್ತಾಳೆ ಎಂದು ನಾನೂ ನಮ್ಮವರೂ ನೋಡಿದೆವು. ಅವ್ವ ಏಳಲಿಲ್ಲ. ಆ ಪುಟ್ಟ ಸಿಲಿಂಡರಿನ ಮೇಲೆ ಅಂಗೈ ಇಟ್ಟಳು. ಸುಡುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಇಟ್ಟಾಗಿತ್ತು. ತೆಗೆಯಲಿಲ್ಲ. ಅದು ಆರುವ ತನಕ ಹಾಗೇ ಕೂತಿದ್ದಳು. ಆಮೇಲೆ, "ಆರ್ತು" ಅಂದು ಎದ್ದು ಒಳಗೆ ಹೋಗಿ ಮಲಗಿದಳು. ಅಂಗೈ ಕೆಂಪಗಾಗಿತ್ತು. ನಾನು ಬೆಣ್ಣೆ ಹಚ್ಚಿದೆ. ಅವಳಿಗೆ ಎಚ್ಚರವಾಗಲಿಲ್ಲ.

ಆಮೇಲೆ ಒಂದೆರಡು ಸಂಜೆ ಕರೆಂಟು ಹೋಗಲಿಲ್ಲ, ಜನರೇಟರ್ ಶುರುವಾಗಲಿಲ್ಲ. ಕೊನೆಗೊಂದು ಸಂಜೆ ಹೋಯಿತು. ಜನರೇಟರ್ ಬಡಬಡ ಎಂದು ಹೊಡೆದುಕೊಂಡಿತು. ಅವ್ವ ಅಡುಗೆಮನೆಯ ಗೋಡೆಗೆ ಒರಗಿ ಕೂತು ಅವರೆಕಾಳು ಬಿಡಿಸುತ್ತಿದ್ದಳು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕಿವಿಯೆಲ್ಲ ಹೊರಗೇ ಇತ್ತು. ಕರೆಂಟು ಬಂತು. ಜನರೇಟರ್ ನಿಂತಿತು.

ಅವ್ವ ಕಾಳು ಬಿಡಿಸುತ್ತಲೇ ಇದ್ದಳು. ತಲೆ ಕೂಡ ಎತ್ತಲಿಲ್ಲ. ಅಬ್ಬಾ ದೇವರೇ ಎಂದು ನಾನು ಉಸಿರು ಬಿಟ್ಟೆ.

"ಯಾರಿಗೇ ಅದು?" ಎಂದಳು ಅವ್ವ.

ಏನು ಕೇಳುತ್ತಿದ್ದಾಳೆಂದು ನನಗೆ ಅರ್ಥವಾಗಲಿಲ್ಲ. ಅವಳು ನನ್ನ ಕೈ ನೋಡುತ್ತಿದ್ದಳು. ನಾನೂ ನೋಡಿಕೊಂಡೆ. ನನ್ನ ಕೈಯಲ್ಲಿ ತೊಳೆದ ತಟ್ಟೆ ಇತ್ತು, ನೀರು ತೊಟ್ಟಿಕ್ಕುತ್ತಿತ್ತು. ಯಾವಾಗ ಎದ್ದು ತೆಗೆದುಕೊಂಡೆನೋ, ಯಾವಾಗ ತೊಳೆದೆನೋ ಗೊತ್ತಿಲ್ಲ. ನಾನು ಬಾಗಿಲ ಕಡೆಗೇ ಮುಖ ಮಾಡಿ ನಿಂತಿದ್ದೆ.

ಅವ್ವ ಮೊರ ಪಕ್ಕಕ್ಕೆ ಸರಿಸಿ ಕೈ ಚಾಚಿದಳು.

"ತಾ ಇಲ್ಲಿ. ನಂಗೆ ಹಸಿವು."

ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನೆಲಕ್ಕೆ ಹಾಕಿ, ತಾನೇ ಹಬೆಯಾಡುವ ಅನ್ನ ಬಡಿಸಿಕೊಂಡಳು. ಅಷ್ಟರಲ್ಲಿ ನಮ್ಮವರು ರೂಢಿಯ ಹಾಗೆ ಅಂಗಡಿಯಿಂದ ಓಡಿಬಂದು ಬಾಗಿಲಲ್ಲಿ ನಿಂತರು. ಅವ್ವ ತಲೆ ಎತ್ತಿ ಅವರನ್ನು ನೋಡಿ, "ನೀವು ಆಮೇಲೆ ಉಣ್ಣಿ" ಅಂದಳು. ಮೊದಲ ತುತ್ತು ಬಾಯಿಗಿಟ್ಟು ನನ್ನ ಕಡೆ ತಿರುಗಿದಳು.

"ಸಾರಿಗೆ ಉಪ್ಪು ಸಾಲದು" ಅಂದಳು.